ಮನೆ ಕುಲುಮೆಗೆ ಹಳೆಯ ಅಡೆಗಲ್ಲು, ವೈಸ್, ಗಾಳಿಯಂತ್ರ: ಕೊಳ್ಳುವ ಮುನ್ನ ಏನು ನೋಡಬೇಕು?

ತೀರ್ಥಹಳ್ಳಿ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟದ ಮನೆ. ಊರಿನ ಕುಲುಮೆ ಮುಚ್ಚಿ ಬಹಳ ಕಾಲವಾಯಿತು. ಕತ್ತಿಯ ಬಾಯಿ ತಟ್ಟಿಸುವುದಕ್ಕೂ ಹಾರೆಯ ಮೊನೆ ಕಾಯಿಸುವುದಕ್ಕೂ ಈಗ ಪೇಟೆಗೆ ಹೋಗಬೇಕು. ಅಲ್ಲಿ ಸಿಗುವ ಹೊಸ ಕತ್ತಿ ಒಂದು ಮಳೆಗಾಲ ಬಾಳುವುದೂ ಕಷ್ಟ. ಹೀಗಾಗಿ ಕೊಟ್ಟಿಗೆಯ ಪಕ್ಕದಲ್ಲಿ ಸಣ್ಣದೊಂದು ಕುಲುಮೆ ಹೂಡಿ, ಮನೆಯ ಸಲಕರಣೆಗಳನ್ನಾದರೂ ನಾನೇ ನೋಡಿಕೊಳ್ಳೋಣ ಎಂದುಕೊಂಡಿದ್ದೇನೆ.

ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಅಡೆಗಲ್ಲು, ಅಂದರೆ ಕಾದ ಕಬ್ಬಿಣವನ್ನಿಟ್ಟು ಬಡಿಯುವ ಗಟ್ಟಿ (ಆನ್ವಿಲ್), ಇದೆ. ಒಂದು ತುದಿಯಲ್ಲಿ ಚೂಪಾದ ಕೊಂಬಿದೆ. ಮೈತುಂಬ ತುಕ್ಕು. ಮೇಲ್ಮುಖದ ನಡು ಸ್ವಲ್ಪ ತಗ್ಗಾಗಿದೆ, ಒಂದು ಅಂಚು ಎರಡು ಮೂರು ಕಡೆ ಚೂರು ಹಾರಿ ಮುಕ್ಕಾಗಿದೆ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು ಅರ್ಧಂಬರ್ಧ ಕಾಣುತ್ತವೆ, ಕೆಳಗೆ 1 1 8 ಎಂದು ಕೊರೆದಿದೆ. ಆದರೆ ತಕ್ಕಡಿಯಲ್ಲಿ ಇಟ್ಟಾಗ ತೂಗಿದ್ದು 66 ಕೆಜಿ ಮಾತ್ರ. 118ರಲ್ಲಿ ಉಳಿದದ್ದು ಎಲ್ಲಿ ಹೋಯಿತು ಎಂಬುದೇ ನನ್ನ ಮೊದಲ ಪ್ರಶ್ನೆ. ಅಂಗಡಿಯವರು ಕೆಜಿಗೆ 150 ರೂಪಾಯಿ ಹೇಳುತ್ತಿದ್ದಾರೆ. ಇದಲ್ಲದೆ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರ ಹಳೆಯ ಶೆಡ್ಡಿನಲ್ಲಿ ಉದ್ದ ಕಾಲಿನ ವೈಸ್ ಒಂದು ಬಿದ್ದಿದೆ, ತಿರುಪು ಅಲ್ಲಾಡುವುದಿಲ್ಲ. ಪರಿಚಯದವರೊಬ್ಬರು ರೈಲು ಕಂಬಿಯ ತುಂಡು ಅಗ್ಗಕ್ಕೆ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ, ಯಾವುದನ್ನು ಬಿಡಲಿ?

ಡಡ್ಲಿ ಕನ್ನಡಿಗ

118 ಕೆಜಿ ಎಂಬ ಲೆಕ್ಕವೇ ಅದಲ್ಲ. ನಿಮ್ಮ ಅಡೆಗಲ್ಲಿನಿಂದ ಏನೂ ಕಳೆದುಹೋಗಿಲ್ಲ, ಸಮಾಧಾನ ಮಾಡಿಕೊಳ್ಳಿ.

ಇಂಗ್ಲೆಂಡಿನ ಹಳೆಯ ಅಡೆಗಲ್ಲುಗಳಲ್ಲಿ ಮೂರು ಅಂಕಿಗಳನ್ನು ಬಿಡಿಬಿಡಿಯಾಗಿ ಕೊರೆಯುತ್ತಿದ್ದರು. ಮೊದಲನೆಯದು ಹಂಡ್ರೆಡ್‌ವೇಟ್, ಅಂದರೆ 112 ಪೌಂಡ್. ಎರಡನೆಯದು ಅದರ ಕಾಲು ಭಾಗಗಳು, ಒಂದೊಂದಕ್ಕೆ 28 ಪೌಂಡ್. ಮೂರನೆಯದು ಬಿಡಿ ಪೌಂಡ್‌ಗಳು. ನಿಮ್ಮದರಲ್ಲಿ 112, 28 ಮತ್ತು 8 ಸೇರಿ 148 ಪೌಂಡ್, ಅಂದರೆ ಸುಮಾರು 67 ಕೆಜಿ. ಇಷ್ಟು ವರ್ಷದ ಬಡಿತ ತಿಂದೂ 66 ಕೆಜಿ ಉಳಿದಿದೆ ಎಂದರೆ ಸವೆತ ಬಹಳ ಕಡಿಮೆ. ಎರಡನೆಯ ಅಂಕಿ 3ಕ್ಕಿಂತ ಹೆಚ್ಚಾಗುವುದಿಲ್ಲ, ಮೂರನೆಯದು 27ನ್ನು ದಾಟುವುದಿಲ್ಲ. ಈ ಮಿತಿಯೊಳಗಿದ್ದರೆ ಇದೇ ಪದ್ಧತಿ ಇರಬಹುದು ಎಂದು ಮೊದಲ ನೋಟಕ್ಕೆ ಅಂದಾಜು ಮಾಡಬಹುದು. ಅಮೆರಿಕದ ಹೇ-ಬಡನ್‌ನಂಥ ತಯಾರಕರು ನೇರವಾಗಿ ಪೌಂಡ್‌ನಲ್ಲೇ ಹಾಕುತ್ತಿದ್ದರು.

ನಾನಿರುವ ಇಂಗ್ಲೆಂಡಿನ ಡಡ್ಲಿ, ಪೀಟರ್ ರೈಟ್ ಎಂಬ ಹೆಸರಾಂತ ತಯಾರಕರ ಅಡೆಗಲ್ಲುಗಳು ತಯಾರಾಗುತ್ತಿದ್ದ ಊರು. ಅವು ಇಲ್ಲಿಂದ ಹಡಗೇರಿ ಲೋಕವೆಲ್ಲ ಸುತ್ತಿದವು. ಸುಣ್ಣದ ಪುಡಿ ಅಥವಾ ಚಾಕ್ ಪುಡಿಯನ್ನು ಪಕ್ಕಕ್ಕೆ ತಿಕ್ಕಿ, ಸಂಜೆಯ ಓರೆ ಬಿಸಿಲಿನಲ್ಲಿ ಒಂದು ಚಿತ್ರ ತೆಗೆದು ಹಾಕಿ. ವೃತ್ತಾಕಾರದಲ್ಲಿ "ಸಾಲಿಡ್ ರಾಟ್" (ಬಡಿದು ಮಾಡಿದ ಗಟ್ಟಿ ಕಬ್ಬಿಣ) ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ, ಪಾದಗಳ ಮೇಲೆ ಸಣ್ಣ ಮೆಟ್ಟಿಲಿನಂಥ ಅಂಚು ಇದ್ದರೆ, ಪೀಟರ್ ರೈಟ್ ಎನ್ನಲು ಬಲವಾದ ಕಾರಣವಿದೆ. ಸೊಂಟದಲ್ಲೂ ಅಡಿಯಲ್ಲೂ ಚೌಕನೆಯ ಸಣ್ಣ ತೂತುಗಳಿವೆಯೇ ನೋಡಿ. ಕೆಂಪಗೆ ಕಾದ ಗಟ್ಟಿಯನ್ನು ಸರಳು ತೂರಿಸಿ ಎತ್ತಿ ಹೊರಳಿಸಲು ಮಾಡಿದ ತೂತುಗಳವು. ಅಂಥವು ಇದ್ದರೆ ಅದು ಬಡಿದು ಮಾಡಿದ ಮೈ, ಬರೀ ಎರಕದ್ದಲ್ಲ.

ಇಂಥವುಗಳ ಮೈ ಮೆದು ಕಬ್ಬಿಣ, ಮೇಲ್ಮುಖ ಮಾತ್ರ ಉಕ್ಕಿನ ಹಲಗೆ. ಎರಡನ್ನೂ ಕಾಯಿಸಿ ಬಡಿದು ಒಂದಾಗಿಸಿರುತ್ತಾರೆ. ಈ ಮಾತು ನೆನಪಿರಲಿ, ಮುಂದೆ ರಿಪೇರಿಯ ವಿಷಯ ಬಂದಾಗ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಹಳೆಯ ಸ್ಮಿತಿ ಶಾಪ್, ಹುಬ್ಬಳ್ಳಿ

ಮೊದಲು ಆ ರೈಲು ಕಂಬಿಯ ಮಾತು. ಬಿಲ್ ಇಲ್ಲದೆ ಮುಟ್ಟಬೇಡಿ. 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆ ಎಂದಿದೆ. ಕದ್ದದ್ದೆಂದು ಸಂಶಯ ಬರುವಂತಹ ರೈಲ್ವೆ ಸಾಮಾನು ನಿಮ್ಮ ಹಿತ್ತಲಿನಲ್ಲಿ ಸಿಕ್ಕರೆ, ಅದು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ನಿಮ್ಮದು. ಮೊದಲ ಬಾರಿಗೇ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಒಂದು ಗೇಣು ಕಂಬಿಗಾಗಿ ಈ ತಲೆನೋವು ಬೇಡ. ರೈಲ್ವೆಯ ಗುಜರಿ ಆನ್‌ಲೈನ್ ಹರಾಜಿನಲ್ಲಿ ದೊಡ್ಡ ದೊಡ್ಡ ಲಾಟುಗಳಾಗಿ ಹೋಗುತ್ತದೆ. ಅದನ್ನು ಹಿಡಿದ ವ್ಯಾಪಾರಿಯಿಂದ, ಹರಾಜಿನ ಕಾಗದದ ಪ್ರತಿ ಸಮೇತ ಕೊಂಡರೆ ಯಾರೂ ಕೇಳುವಂತಿಲ್ಲ.

ಕಾಗದ ಸರಿಯಿದ್ದರೆ ಕಂಬಿ ಕೆಟ್ಟ ವಸ್ತುವೇನಲ್ಲ. ಈಗಿನ ಕಂಬಿಗಳು ಮೀಟರಿಗೆ 52 ಅಥವಾ 60 ಕೆಜಿ ತೂಗುತ್ತವೆ. ಅರ್ಧ ಮೀಟರ್ ತುಂಡನ್ನು ಹಾಸಿ ಮಲಗಿಸುವ ಬದಲು ನೆಟ್ಟಗೆ ನಿಲ್ಲಿಸಿ ಹೂಳಿ. ಆಗ ಏಟಿನ ನೇರ ಕೆಳಗೆ ಅಷ್ಟೂ ತೂಕ ಕೂತಿರುತ್ತದೆ. ಮಲಗಿಸಿದರೆ ನಡುವಿನ ತೆಳು ಪಟ್ಟಿ ಸ್ಪ್ರಿಂಗಿನ ಹಾಗೆ ಅದುರಿ ಏಟಿನ ಬಲವನ್ನೆಲ್ಲ ತಿಂದುಬಿಡುತ್ತದೆ.

ಇನ್ನು ಅಡೆಗಲ್ಲು. ಅಂಗಡಿಗೆ ಹೋಗುವಾಗ ಗೋಲಿ ಗಾತ್ರದ ಬೇರಿಂಗ್ ಗುಂಡು ಮತ್ತು ಅಡಿಪಟ್ಟಿ ಜೇಬಿನಲ್ಲಿರಲಿ. ಮೇಲ್ಮುಖದ ಮೇಲೆ ಪಟ್ಟಿಯನ್ನು ನಿಲ್ಲಿಸಿ 10 ಇಂಚು ಎತ್ತರದಿಂದ ಗುಂಡನ್ನು ಸುಮ್ಮನೆ ಕೈಬಿಡಿ. 7, 8 ಇಂಚು ಪುಟಿದರೆ ಮುಖದ ಹದ, ಅಂದರೆ ಕಾಯಿಸಿ ತಣಿಸಿ ತಂದ ಗಡಸುತನ, ಚೆನ್ನಾಗಿದೆ. 5 ಇಂಚನ್ನೂ ಮುಟ್ಟದಿದ್ದರೆ ಅದು ಬರೀ ಎರಕ, ಅಥವಾ ಎಂದೋ ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡದ್ದು. ಒಂದೇ ಕಡೆ ನೋಡಿ ಬಿಡಬೇಡಿ, ಮುಖದ ಉದ್ದಕ್ಕೂ ಅಂಗುಲ ಅಂಗುಲ ಬಿಟ್ಟು ನೋಡಿ. ಮೇಲ್ಮುಖದಲ್ಲೇ ಉಳಿಯಂಥ ಸಲಕರಣೆ ಕೂರಿಸಲು ಇರುವ ಚೌಕ ತೂತಿನ ಹತ್ತಿರ ಪುಟಿತ ಕಡಿಮೆಯಾಗುವುದು ಸಹಜ. ಆದರೆ ನಡುವಿನಲ್ಲಿ ಎಲ್ಲಾದರೂ ಗುಂಡು ಸತ್ತಂತೆ ಬಿದ್ದರೆ ಅಲ್ಲಿ ಉಕ್ಕಿನ ಹಲಗೆ ಮೈಯಿಂದ ಬಿಟ್ಟಿದೆ ಎಂದರ್ಥ. ಬಿಟ್ಟ ಹಲಗೆಗೆ ಮನೆಯಲ್ಲಿ ಮದ್ದಿಲ್ಲ.

ಆಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೇಳಿ. ಒಳ್ಳೆಯದು ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದರೆ ಒಡಕು ದನಿ. ಕೆಳಗೆ ಮಣ್ಣೋ ಬೇರೆ ಗುಜರಿಯೋ ಒತ್ತಿಕೊಂಡಿದ್ದರೆ ಒಳ್ಳೆಯದೂ ನುಡಿಯುವುದಿಲ್ಲ, ಎತ್ತಿ ಮರದ ತುಂಡಿನ ಮೇಲಿಟ್ಟು ತಟ್ಟಿ. ಕೊನೆಗೆ ಹಳೆಯ ಅರವೊಂದನ್ನು ಮುಖದ ಮೂಲೆಗೆ ಎಳೆಯಿರಿ. ಅರ ಹಿಡಿಯದೆ ಜಾರಿದರೆ ಗಟ್ಟಿ.

ಡಡ್ಲಿ ಕನ್ನಡಿಗ

ಸರ್ ಹೇಳಿದ್ದಕ್ಕೆ ಒಂದೇ ಸೇರ್ಪಡೆ. ಅಮೆರಿಕದ ಫಿಶರ್ ಎಂಬ ಅಡೆಗಲ್ಲುಗಳು ಎರಕದ ಮೈಗೆ ಉಕ್ಕಿನ ಮುಖ ಕೂಡಿಸಿದವು, ಅವು ನುಡಿಯುವುದೇ ಇಲ್ಲ, ಆದರೂ ಉತ್ತಮ. ನಮ್ಮ ಕಡೆ ಸಿಗುವುದು ಅಪರೂಪ. ದನಿಗಿಂತ ಪುಟಿತವನ್ನೇ ಹೆಚ್ಚು ನಂಬಿ ಎನ್ನಲು ಇದನ್ನು ಬರೆದೆ.

ಪೀಣ್ಯ ಟರ್ನರ್

ಮುಖ ತಗ್ಗಾಗಿದೆ, ಅಂಚು ಮುಕ್ಕಾಗಿದೆ ಎನ್ನುತ್ತೀರಿ. ನಮ್ಮ ಕಡೆ ದೊಡ್ಡ ಸರ್ಫೇಸ್ ಗ್ರೈಂಡರ್ ಇರುವ ಅಂಗಡಿಗಳು ಬೇಕಾದಷ್ಟಿವೆ. ಒಂದು ಸಲ ಮೇಲ್ಮುಖವನ್ನು ಹೊಡೆಸಿಬಿಟ್ಟರೆ ಕನ್ನಡಿಯಂತೆ ಸಮವಾಗುತ್ತದೆ. ಹೊಸದನ್ನು ಕೊಳ್ಳುವ ಹಣದಲ್ಲಿ ಕಾಲು ಭಾಗವೂ ಖರ್ಚಾಗುವುದಿಲ್ಲ.

ಹಳೆಯ ಸ್ಮಿತಿ ಶಾಪ್, ಹುಬ್ಬಳ್ಳಿ

ದಯವಿಟ್ಟು ಬೇಡ. ಆ ಉಕ್ಕಿನ ಹಲಗೆ ಹೊಸದಾಗಿದ್ದಾಗಲೇ ಸುಮಾರು ಅರ್ಧ ಇಂಚು ದಪ್ಪ. ಅದರ ಮೇಲಿನ ಪದರವೇ ಹೆಚ್ಚು ಗಟ್ಟಿ, ಕೆಳಗಿಳಿದಂತೆ ಮೆದುವಾಗುತ್ತದೆ. ನಡುವಿನ ತಗ್ಗಿಗೆ ಸರಿಗಟ್ಟಲು ಎರಡು ತುದಿಗಳಿಂದ ಮೂರು ನಾಲ್ಕು ಮಿಲಿಮೀಟರ್ ಕೆರೆದರೆ, ಇನ್ನೂ ನೂರು ವರ್ಷ ಬಾಳಬೇಕಾದ ಉಕ್ಕನ್ನು ಒಂದು ಮಧ್ಯಾಹ್ನದಲ್ಲಿ ಪುಡಿ ಮಾಡಿದಂತೆ. ಜೊತೆಗೆ ಕೈಯಿಂದ ಬಡಿದು ಮಾಡಿದ ಅಡೆಗಲ್ಲಿನ ಪಾದ ಮುಖಕ್ಕೆ ಸಮಾನಾಂತರವಾಗಿ ಇರುವುದಿಲ್ಲ. ಪಾದವನ್ನು ಆಧಾರವಾಗಿಟ್ಟು ಮುಖ ಹೊಡೆದರೆ ಒಂದು ತುದಿಯಲ್ಲಿ ಹಲಗೆಯೇ ಕಾಣೆಯಾದೀತು.

ಕಮ್ಮಾರನಿಗೆ ಕನ್ನಡಿಯಂಥ ಸಮತಲ ಬೇಕಾಗಿಯೂ ಇಲ್ಲ. ಬಾಗಿದ ಸರಳನ್ನು ನೇರ ಮಾಡುವುದು ಆ ತಗ್ಗಿನ ಮೇಲೆಯೇ ಸಲೀಸು, ಏಕೆಂದರೆ ನೇರ ಮಾಡಬೇಕಾದರೆ ಸ್ವಲ್ಪ ಆಚೆಗೇ ಬಾಗಿಸಬೇಕು.

ಪೀಣ್ಯ ಟರ್ನರ್

ಸರ್, ಮುಖದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಹಲಗೆಯನ್ನು ಕೂಡಿಸಿರುತ್ತಾರೆ ಎಂಬ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ಆದರೂ ಅಡಿಭಾಗ ಅಲ್ಲಾಡುತ್ತಿದ್ದರೆ ಅದನ್ನು ಹೊಡೆಸುವುದರಲ್ಲಿ ತಪ್ಪಿಲ್ಲ ಎಂದೇ ಹೇಳುತ್ತೇನೆ. ಅಲ್ಲಿರುವುದು ಮೆದು ಕಬ್ಬಿಣ, ನಷ್ಟವಿಲ್ಲ.

ಹಳೆಯ ಸ್ಮಿತಿ ಶಾಪ್, ಹುಬ್ಬಳ್ಳಿ

ಅದು ಸರಿ. ಆದರೆ ಮರದ ಕೊರಡನ್ನೇ ಅಡಿಗೆ ತಕ್ಕಂತೆ ಕೆತ್ತಿದರೆ ಆ ಖರ್ಚೂ ಉಳಿಯುತ್ತದೆ.

ಬೆಳಗಾವಿ ವೆಲ್ಡರ್

ಮುಕ್ಕಾದ ಅಂಚಿನ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ವೆಲ್ಡಿಂಗ್ ನನ್ನ ಅನ್ನ. ಆದರೂ ಹೇಳುತ್ತೇನೆ: ವೆಲ್ಡ್ ಮಾಡಿಸಬೇಡಿ.

ತಣ್ಣಗಿರುವ 66 ಕೆಜಿ ಕಬ್ಬಿಣದ ಮೇಲೆ ಒಂದು ಮಣಿ ವೆಲ್ಡ್ ಎಳೆದರೆ ಆ ದೊಡ್ಡ ಮೈ ಕ್ಷಣದಲ್ಲಿ ಬಿಸಿಯನ್ನು ಹೀರುತ್ತದೆ. ಪಕ್ಕದ ಉಕ್ಕು ಗಾಜಿನಂತೆ ಬಿರುಸಾಗಿ, ಇಂದಲ್ಲ ನಾಳೆ ಅಲ್ಲೇ ಬಿರಿಯುತ್ತದೆ. ಸರಿಯಾಗಿ ಮಾಡಬೇಕೆಂದರೆ ಇಡೀ ಅಡೆಗಲ್ಲನ್ನು ಸುಮಾರು 200 ಡಿಗ್ರಿಗೆ ಸಮವಾಗಿ ಕಾಯಿಸಿ, ಆ ಬಿಸಿ ಇಳಿಯದಂತೆ ನೋಡಿಕೊಂಡು, ಒಣಗಿಸಿದ ಲೋ ಹೈಡ್ರೋಜನ್ ರಾಡಿನಿಂದ ಸ್ವಲ್ಪ ಸ್ವಲ್ಪವೇ ತುಂಬಿ, ಆಮೇಲೆ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ತಣಿಯಲು ಬಿಡಬೇಕು. ಬಿಸಿ ಹೆಚ್ಚಾದರೆ ಮುಖದ ಹದ ಹೋಗುತ್ತದೆ, ಕಡಿಮೆಯಾದರೆ ಬಿರುಕು. ಎರಡರ ನಡುವಿನ ದಾರಿ ಬಹಳ ಕಿರಿದು. ಅಂಚು ಪೂರ್ತಿ ಕುಸಿದು ಕೆಲಸವೇ ಸಾಗದಂತಾಗಿದ್ದರೆ ಮಾತ್ರ ಈ ಸಾಹಸ.

ನಿಮ್ಮದಕ್ಕೆ ಆ್ಯಂಗಲ್ ಗ್ರೈಂಡರಿನ ಫ್ಲಾಪ್ ಡಿಸ್ಕ್ ಸಾಕು. ಮುಕ್ಕಿನ ಚೂಪು ಮೊನೆಗಳನ್ನು ತೆಗೆದು ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ಮುಂದಿನ ಏಟಿಗೆ ಚೂರು ಸಿಡಿದು ಕಣ್ಣಿಗೆ ಬರುತ್ತದೆ. ಡಿಸ್ಕನ್ನು ಒಂದೇ ಕಡೆ ಒತ್ತಿ ಹಿಡಿಯಬೇಡಿ, ಉಕ್ಕಿನ ಬಣ್ಣ ನೀಲಿಗೆ ತಿರುಗಿತೆಂದರೆ ಅಲ್ಲಿ ಹದ ಇಳಿಯಿತು. ಉಳಿದ ಅಂಚೂ ಅಷ್ಟೆ. ಮುಂಭಾಗದಲ್ಲಿ ಸ್ವಲ್ಪ ಹೆಚ್ಚು ದುಂಡು, ಹಿಂದಕ್ಕೆ ಹೋದಂತೆ ಕಡಿಮೆ ಇರಲಿ. ಚೂಪು ಅಂಚಿನ ಮೇಲೆ ಮಡಿಸಿದ ಕಬ್ಬಿಣ ಒಳಮೂಲೆಯಲ್ಲಿ ಸೀಳುತ್ತದೆ.

ತೀರ್ಥಹಳ್ಳಿ ತೋಟ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆ. ತುಕ್ಕು ಬಿಡಿಸಲು ಅಂಗಡಿಯವರು ಒಂದು ಉಪಾಯ ಹೇಳಿದರು: ತೆಂಗಿನ ಗರಿ, ಮಟ್ಟೆ ಗುಡ್ಡೆ ಹಾಕಿ ಅದರ ನಡುವೆ ಅಡೆಗಲ್ಲಿಟ್ಟು ಬೆಂಕಿ ಹಚ್ಚಿದರೆ ಬಣ್ಣ, ಜಿಡ್ಡು, ತುಕ್ಕು ಎಲ್ಲ ಉದುರುತ್ತದಂತೆ. ಮಾಡಬಹುದೇ?

ಬೆಳಗಾವಿ ವೆಲ್ಡರ್

ಖಂಡಿತ ಬೇಡ! ಮೇಲೆ ಹೇಳಿದ ಹದವೆಲ್ಲ ಆ ಬೆಂಕಿಯಲ್ಲಿ ಹೋಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಒಳಗಿದ್ದ ಅಡೆಗಲ್ಲುಗಳು ಸುತ್ತಿಗೆಗೆ ತಗ್ಗು ಬೀಳುವಷ್ಟು ಮೆತ್ತಗಾಗುವುದು ಇದೇ ಕಾರಣಕ್ಕೆ.

ರಸಾಯನಶಾಸ್ತ್ರದ ಟೀಚರ್

ಅಡೆಗಲ್ಲಿಗೆ ತಂತಿ ಬ್ರಷ್, ಡೀಸೆಲ್, ಬಟ್ಟೆ ಇಷ್ಟೇ ಸಾಕು. ಕೆಲಸ ಶುರುವಾದರೆ ಮುಖ ತಾನಾಗಿ ಹೊಳಪಾಗುತ್ತದೆ. ಆದರೆ ವೈಸ್, ಇಕ್ಕಳ, ಸುತ್ತಿಗೆ ತಲೆಗಳಿಗೆ ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನ ಬಹಳ ಚೆನ್ನಾಗಿದೆ. ಒಳ್ಳೆಯ ಲೋಹವನ್ನು ಅದು ತಿನ್ನುವುದಿಲ್ಲ.

ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಐದು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಕಾರಿನ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತಂತಿ ನಿಮ್ಮ ಸಲಕರಣೆಗೆ, ಧನ ತಂತಿ ಬಿಸಾಡಬಹುದಾದ ಕಬ್ಬಿಣದ ತಗಡಿಗೆ. ಎರಡೂ ಒಂದನ್ನೊಂದು ಮುಟ್ಟಬಾರದು. ತಂತಿ ಅದಲುಬದಲಾದರೆ ನಿಮ್ಮ ವೈಸೇ ಕರಗುತ್ತದೆ, ಆದ್ದರಿಂದ ಎರಡು ಸಲ ನೋಡಿ ಸ್ವಿಚ್ ಹಾಕಿ. ತಗಡಿಗೆ ಎದುರಾಗಿರುವ ಬದಿ ಮೊದಲು ಶುದ್ಧವಾಗುತ್ತದೆ, ಆಗಾಗ ಸ್ವಿಚ್ ಆರಿಸಿ ಹೊರಳಿಸಿ.

ಇಲ್ಲಿ ಮೂರು ವಿಷಯದಲ್ಲಿ ಸ್ವಲ್ಪವೂ ಸಡಿಲ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಚಮಚ ತಟ್ಟೆಗಳನ್ನು ಧನ ತುದಿಗೆ ಕಟ್ಟಬೇಡಿ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ. ಮೇಲೇಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಬಯಲಿನಲ್ಲಿ ಮಾಡಿ, ಹತ್ತಿರದಲ್ಲಿ ಬೀಡಿ ಬೆಂಕಿ ಕೂಡದು. ವೈಸಿನ ಒಳಗಿರುವ ಸ್ಪ್ರಿಂಗ್ ಪಟ್ಟಿಯನ್ನು ಈ ನೀರಿಗೆ ಹಾಕಬೇಡಿ, ಹದ ಮಾಡಿದ ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗುವುದುಂಟು. ಅದಕ್ಕೆ ತಂತಿ ಬ್ರಷ್ಷೇ ಸರಿ.

ವಿದ್ಯುತ್ ಬೇಡವೆಂದರೆ ಕಾಕಂಬಿ. ದನದ ಮೇವಿಗೆ ಬಳಸುವ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು, ಒಂದೆರಡು ವಾರ ಮುಳುಗಿಸಿಡಿ. ವಾಸನೆ ಬರುತ್ತದೆ, ತುಕ್ಕೂ ಬಿಡುತ್ತದೆ. ಯಾವ ವಿಧಾನವಾದರೂ ತೊಳೆದ ಕೂಡಲೇ ಒರೆಸಿ, ಬಿಸಿಲಿನಲ್ಲಿ ಬೆಚ್ಚಗೆ ಮಾಡಿ, ಅಗಸೆ ಎಣ್ಣೆ ತೆಳುವಾಗಿ ಸವರಿ. ನಿಮ್ಮ ಮಲೆನಾಡಿನ ಗಾಳಿಗೆ ಬರಿಮೈ ಕಬ್ಬಿಣ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ.

ಕುಲುಮೆ ಮನೆ

ನಮ್ಮ ತಂದೆಯವರು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೊನೆಯವರೆಗೂ ಕುಲುಮೆ ನಡೆಸಿದವರು. ನಾನು ಈಗಲೂ ಬಿಡುವಿದ್ದಾಗ ಬೆಂಕಿ ಹಾಕುತ್ತೇನೆ. ಮೇಲಿನ ಮಾತುಗಳೆಲ್ಲ ಕೊಂಬಿನ ಅಡೆಗಲ್ಲಿನ ಬಗ್ಗೆ. ನಮ್ಮ ಹಳ್ಳಿಗಳಲ್ಲಿ ಶತಮಾನಗಳ ಕಾಲ ನೇಗಿಲ ಗುಳ, ಕುಡುಗೋಲು, ಬಂಡಿ ಚಕ್ರದ ಪಟ್ಟಿ ಎಲ್ಲವೂ ಆದದ್ದು ಮರದ ಕೊರಡಿನಲ್ಲಿ ನೆಟ್ಟ ಚೌಕ ಗಟ್ಟಿಯ ಮೇಲೆ. ಕಮ್ಮಾರ ಕೂತು ಬಡಿಯುತ್ತಿದ್ದ, ಸಮ್ಮಟಿಗೆಯವ ಎದುರು ನಿಂತು ಹೊಡೆಯುತ್ತಿದ್ದ. ಕೊಂಬು ಇಲ್ಲದಿದ್ದರೆ ಕುಲುಮೆಯೇ ಇಲ್ಲ ಎಂದುಕೊಳ್ಳಬೇಡಿ. ಕತ್ತಿ ತಟ್ಟಲು ಬೇಕಾದದ್ದು ಸುತ್ತಿಗೆಯ ಕೆಳಗೆ ಗಟ್ಟಿಯಾದ ಒಂದು ಅಂಗೈ ಜಾಗ.

ನಾನು ಹೇಳಬೇಕೆಂದದ್ದು ಬೇರೆ. ಹಳೆಯ ಸಲಕರಣೆ ಹುಡುಕುವವರೆಲ್ಲ ಗುಜರಿಗೆ ಹೋಗುತ್ತೀರಿ. ಗುಜರಿಗೆ ಅದು ಬಂದದ್ದು ನಮ್ಮಂಥವರ ಮನೆಯಿಂದ. ಅಪ್ಪ ಹೋದ ಮೇಲೆ, ಮಕ್ಕಳು ಬೆಂಗಳೂರಿಗೆ ಹೋದ ಮೇಲೆ, ತೂಕದ ಲೆಕ್ಕದಲ್ಲಿ ಗಾಡಿಗೆ ಹಾಕಿ ಕಳಿಸಿದ್ದು. ಆಯುಧಪೂಜೆಗೆ ಅರಿಸಿನ ಕುಂಕುಮ ಕಂಡ ಅಡೆಗಲ್ಲು ಅದು. ಗುಜರಿ ತಲುಪುವ ಹೊತ್ತಿಗೆ ಜೊತೆಯ ಇಕ್ಕಳಗಳು ಒಂದು ಕಡೆ, ಉಳಿಗಳು ಇನ್ನೊಂದು ಕಡೆ, ಸುತ್ತಿಗೆಗಳು ಮತ್ತೊಂದು ಕಡೆ ಚದುರಿಹೋಗಿರುತ್ತವೆ. ಯಾವ ಇಕ್ಕಳ ಯಾವ ಗಾತ್ರದ ಸರಳಿಗೆ, ಯಾವ ಉಳಿ ಬಿಸಿ ಕಬ್ಬಿಣಕ್ಕೆ, ಯಾವುದು ತಣ್ಣನೆಯದಕ್ಕೆ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ.

ಆದ್ದರಿಂದ ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಮೊದಲು ವಿಚಾರಿಸಿ. ಮುಚ್ಚಿದ ಕುಲುಮೆ ಇದ್ದರೆ ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. ಕೊಡುವ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಕೊಟ್ಟರೆ ಗುಜರಿಯ ದರ ಮಾತಾಡಬೇಡಿ, ಸಲಕರಣೆಯ ದರ ಕೊಡಿ. ಅದಕ್ಕಿಂತ ಮುಖ್ಯವಾಗಿ, ಅವರ ಕೂಲಿ ಕೊಟ್ಟು ಒಂದು ದಿನ ನಿಮ್ಮ ಕೊಟ್ಟಿಗೆಗೆ ಕರೆಯಿರಿ. ಬೆಂಕಿಯ ಆಳ ಎಷ್ಟಿರಬೇಕು, ಕತ್ತಿಯ ಬಾಯಿ ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದಬೇಕು, ಇವನ್ನು ಬರೆದು ತಿಳಿಸಲು ನನಗೂ ಆಗುವುದಿಲ್ಲ. ಅವರು ಕಣ್ಣೆದುರು ತೋರಿಸಬಲ್ಲರು. ಇನ್ನೂ ಕೆಲಸ ಮಾಡುತ್ತಿರುವ ಕಮ್ಮಾರರು ಸಿಕ್ಕರೆ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವಿದೆ ಎಂದು ಅವರಿಗೂ ತಿಳಿಸಿ. ಹಲವರಿಗೆ ಗೊತ್ತಿಲ್ಲ.

ಮೂರನೆಯ ಮಹಡಿ, ಬೆಂಗಳೂರು

ಕುಲುಮೆ ಮನೆಯವರ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನನ್ನದೊಂದು ಪ್ರಶ್ನೆ ಇದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸಣ್ಣ ಅಡೆಗಲ್ಲು ಇಟ್ಟುಕೊಳ್ಳಬಹುದೇ? ಸದ್ದು ತಗ್ಗಿಸುವ ದಾರಿ ಇದೆಯೇ?

ಹಳೆಯ ಸ್ಮಿತಿ ಶಾಪ್, ಹುಬ್ಬಳ್ಳಿ

ಬೆಂಕಿ ಅಲ್ಲಿ ಬೇಡ, ಬಾಲ್ಕನಿ ಅದಕ್ಕೆ ಜಾಗವಲ್ಲ. ತಣ್ಣನೆಯ ಕೆಲಸಕ್ಕಾದರೆ ಅಡೆಗಲ್ಲಿನ ಸೊಂಟಕ್ಕೆ ದಪ್ಪ ಸರಪಳಿ ಬಿಗಿಯಾಗಿ ಸುತ್ತಿ, ಹಿಂಭಾಗದ ಅಡಿಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಅಂಟಿಸಿ, ಕೊರಡಿಗೂ ಅದಕ್ಕೂ ನಡುವೆ ಸಿಲಿಕೋನ್ ಹಾಸಿ. ಗಂಟೆಯಂಥ ನಾದ ಬಹಳ ಮಟ್ಟಿಗೆ ಅಡಗುತ್ತದೆ. ಏಟಿನ ಸದ್ದು ಮಾತ್ರ ಕೆಳಗಿನ ಮನೆಗೆ ಕೇಳಿಯೇ ಕೇಳುತ್ತದೆ.

ತೀರ್ಥಹಳ್ಳಿ ತೋಟ

ಸುದ್ದಿ ಇದೆ. ಅಡೆಗಲ್ಲು ಮನೆಗೆ ಬಂತು. ಚಾಕ್ ಪುಡಿಯಲ್ಲಿ "ರೈಟ್" ಎಂಬ ಅಕ್ಷರ ಸ್ಪಷ್ಟವಾಗಿ ಮೂಡಿತು, ಪಾದದ ಮೇಲಿನ ಮೆಟ್ಟಿಲೂ ಇದೆ. ಗುಂಡು ನಡುವಿನಲ್ಲಿ ಏಳೂವರೆ ಇಂಚು ಪುಟಿಯಿತು, ಮುಕ್ಕಾದ ಅಂಚಿನ ಬಳಿ ಆರು. ಸತ್ತ ಜಾಗ ಎಲ್ಲಿಯೂ ಸಿಗಲಿಲ್ಲ. ಹುಣಸೆ ಕೊರಡಿನ ಮೇಲೆ ಕೂರಿಸುವವನಿದ್ದೇನೆ. ವೈಸನ್ನೂ ತಂದೆ, ಡೀಸೆಲ್ ಸುರಿದು ಬಿಟ್ಟಿದ್ದೇನೆ, ತಿರುಪು ಇನ್ನೂ ಅಲ್ಲಾಡಿಲ್ಲ. ದೊಡ್ಡ ಪೈಪ್ ತೂರಿಸಿ ಬಲ ಹಾಕಲೇ?

ಹಳೆಯ ಸ್ಮಿತಿ ಶಾಪ್, ಹುಬ್ಬಳ್ಳಿ

ಬಲ ಹಾಕಬೇಡಿ, ಹಿಡಿಕೆ ಬಾಗುತ್ತದೆ ಅಥವಾ ತಿರುಪಿನ ತಲೆ ಸೀಳುತ್ತದೆ. ಹಿಂದಿನ ದವಡೆಯಾಚೆ ಕೊಳವೆಯ ಹಾಗೆ ಚಾಚಿಕೊಂಡಿರುವುದೇ ತಿರುಪಿನ ಪೆಟ್ಟಿಗೆ, ಒಳಮರೆ, ಅಂದರೆ ತಿರುಪು ಕೂರುವ ಒಳಗಿನ ಸುರುಳಿ ಹಲ್ಲುಗಳು, ಅದರೊಳಗಿದೆ. ಆ ಕೊಳವೆಯನ್ನು ಹೊರಗಿನಿಂದ ಬ್ಲೋ ಲ್ಯಾಂಪಿನಲ್ಲಿ ಕೈ ಮುಟ್ಟಲಾಗದಷ್ಟು ಬೆಚ್ಚಗೆ ಮಾಡಿ, ಕೆಂಪಗೆ ಮಾಡಬೇಡಿ. ಹಳೆಯವುಗಳಲ್ಲಿ ಒಳಮರೆಯನ್ನು ಹಿತ್ತಾಳೆಯಿಂದ ಬೆಸೆದಿರುತ್ತಾರೆ, ಅತಿ ಬಿಸಿಗೆ ಅದು ಸಡಿಲವಾದರೆ ವೈಸಿನ ಕಥೆ ಮುಗಿಯಿತು. ಡೀಸೆಲ್ ಹಾಕಿದ್ದೀರಿ, ಮೊದಲು ಪೂರ್ತಿ ಒರೆಸಿಕೊಳ್ಳಿ. ಬೆಚ್ಚಗಾದ ಮೇಲೆ ತಿರುಪಿನ ತಲೆಗೆ ಮರದ ಸುತ್ತಿಗೆಯಿಂದ ತಟ್ಟುತ್ತ, ಬಿಗಿಸುವ ಕಡೆಗೆ ಒಂದು ಕೂದಲೆಳೆ, ಸಡಿಲಿಸುವ ಕಡೆಗೆ ಒಂದು ಕೂದಲೆಳೆ ಆಡಿಸಿ. ತಾಳ್ಮೆ ಇದ್ದರೆ ಬಂದೇ ಬರುತ್ತದೆ.

ಬಿಚ್ಚಿದ ಮೇಲೆ ಮರೆಯ ಹಲ್ಲುಗಳನ್ನು ನೋಡಿ. ಚೌಕವಾಗಿ ದಪ್ಪಗಿದ್ದರೆ ಗ್ರೀಸ್ ತುಂಬಿ ಮತ್ತೆ ಕೂಡಿಸಿ. ಚಾಕುವಿನ ಬಾಯಿಯಂತೆ ತೆಳ್ಳಗಾಗಿದ್ದರೆ ಆಯಸ್ಸು ಸ್ವಲ್ಪವೇ. ಕಾಲಿನ ತುದಿ ನೆಲದಲ್ಲಿ ಗಟ್ಟಿ ಕಲ್ಲಿನ ಮೇಲೆ ಊರಿರಬೇಕು. ಕಾಲಿನ ವೈಸ್ ಏಟು ತಡೆಯುವುದೇ ಬಲ ನೆಲಕ್ಕಿಳಿಯುವುದರಿಂದ. ಬೆಂಚಿನ ಎರಕದ ವೈಸಿನಲ್ಲಿ ಅಂಥ ಏಟು ಹಾಕಿದರೆ ದವಡೆಯೇ ಮುರಿಯುತ್ತದೆ.

ತೀರ್ಥಹಳ್ಳಿ ತೋಟ

ತಿರುಪು ಬಿಟ್ಟಿತು! ಹಲ್ಲುಗಳು ದಪ್ಪಗಿವೆ. ಇನ್ನು ಬೆಂಕಿಯ ಕುಳಿ ಮತ್ತು ಗಾಳಿ. ಲಾರಿಯ ಹಳೆಯ ಬ್ರೇಕ್ ಡ್ರಮ್ಮಿನಲ್ಲಿ ಮಾಡಬಹುದು ಎಂದು ಕೇಳಿದ್ದೇನೆ. ಗಾಳಿಗೆ ಕಲಾಯಿ ಹಾಕುವವರು ಬಳಸುವ ಕೈಯಿಂದ ತಿರುಗಿಸುವ ಬ್ಲೋವರ್ ಒಂದು ಸಿಕ್ಕಿದೆ, ತಿರುಗಿಸಿದರೆ ಗರಗರ ಎನ್ನುತ್ತದೆ.

ಬೆಳಗಾವಿ ವೆಲ್ಡರ್

ಡ್ರಮ್ ಒಳ್ಳೆಯದು. ಆದರೆ ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಒಣಗಿದ್ದಾಗ ಉಜ್ಜಬೇಡಿ, ಊದಬೇಡಿ. ಪೂರ್ತಿ ನೆನೆಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ತೊಳೆಯಿರಿ. ಗಾಳಿಯ ಕೊಳವೆಗೆ ಕಪ್ಪು ಕಬ್ಬಿಣದ ಪೈಪ್ ತನ್ನಿ. ಸತುವು ಲೇಪಿಸಿದ ಜಿಐ ಪೈಪ್ ಬೆಂಕಿಯ ಬುಡದಲ್ಲಿ ಬೇಡ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಖಚಿತ. ಡ್ರಮ್ಮಿನ ತಳದಿಂದ ಬಂದ ಪೈಪಿಗೆ ಟೀ (T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ, ಒಂದು ಬಾಯಿ ಬ್ಲೋವರಿಗೆ, ನೇರ ಕೆಳಗಿನ ಬಾಯಿ ಬೂದಿ ಬೀಳಿಸಲು. ಅದಕ್ಕೊಂದು ತೆಗೆದು ಹಾಕುವ ಮುಚ್ಚಳ ಇರಲಿ.

ಬ್ಲೋವರಿನ ಗರಗರ ಹೆಚ್ಚಾಗಿ ಗಟ್ಟಿಯಾದ ಗ್ರೀಸಿನದು. ಗೇರ್ ಪೆಟ್ಟಿಗೆಯ ಮುಚ್ಚಳ ತೆಗೆದು ಡೀಸೆಲಿನಲ್ಲಿ ತೊಳೆದು, ಗೇರಿನ ಹಲ್ಲುಗಳು ಸವೆದಿವೆಯೇ ನೋಡಿ. ಮತ್ತೆ ದಪ್ಪ ಗ್ರೀಸ್ ತುಂಬಬೇಡಿ, ತೆಳು ಎಣ್ಣೆ ಸಾಕು. ಇಂಥವುಗಳಲ್ಲಿ ಎಣ್ಣೆ ತಡೆಯುವ ಸೀಲ್ ಸಾಮಾನ್ಯವಾಗಿ ಇರುವುದಿಲ್ಲ, ದಂಡದ ಪಕ್ಕದಿಂದ ಸ್ವಲ್ಪ ಜಿನುಗುತ್ತದೆ, ಕೆಲಸಕ್ಕೆ ಮೊದಲು ಒಂದೆರಡು ಹನಿ ಹಾಕಿಕೊಳ್ಳುವುದು ರೂಢಿ. ಸರಿಯಾದ ಮೇಲೆ ಹಿಡಿಕೆ ಬಿಟ್ಟರೂ ಸ್ವಲ್ಪ ಹೊತ್ತು ತಾನೇ ತಿರುಗಬೇಕು.

ಕುಲುಮೆ ಮನೆ

ಡ್ರಮ್ ಇದ್ದಿಲಿಗೆ ಅಗಲ ಹೆಚ್ಚು. ಜೇಡಿಮಣ್ಣಿಗೆ ಮರಳು, ಬೂದಿ ಕಲಸಿ ಒಳಗೆ ಮೆತ್ತಿ, ನಡುವೆ ಬೊಗಸೆಯಂಥ ಆಳದ ಕುಳಿ ಮಾತ್ರ ಉಳಿಸಿ. ಪೂರ್ತಿ ಒಣಗಿದ ಮೇಲೆ ಬೆಂಕಿ ಹಾಕಿ. ಇದ್ದಿಲಿಗೆ ಗಾಳಿ ಕಡಿಮೆ, ಆಳ ಹೆಚ್ಚು. ಜೋರಾಗಿ ಊದಿದರೆ ಕಬ್ಬಿಣ ಕಾಯುವ ಮೊದಲು ಇದ್ದಿಲೇ ಮುಗಿಯುತ್ತದೆ.

ಯಾರಿಗಾದರೂ ಬೆಂಕಿಗೆ ಗಾಳಿ ಊದುವ ಹಳೆಯ ಚರ್ಮದ ತಿದಿ ಸಿಕ್ಕರೆ: ಒಣಗಿ ಬಿರುಸಾದ ಚರ್ಮವನ್ನು ಒಮ್ಮೆಲೇ ಬಿಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಹರಳೆಣ್ಣೆ ಸವರಿ, ಕೆಲವು ದಿನ ನೆನೆಯಲು ಬಿಟ್ಟು ಮೆಲ್ಲನೆ ತೆರೆಯಿರಿ. ಒಳಗಿನ ಗಾಳಿಯ ರೆಕ್ಕೆ ಸರಿಯಾಗಿ ಮುಚ್ಚುತ್ತದೆಯೇ ನೋಡುವುದು ಹೊರಗಿನ ಚರ್ಮಕ್ಕಿಂತ ಮುಖ್ಯ. ಮುಚ್ಚದಿದ್ದರೆ ಬೆಂಕಿಯ ಹೊಗೆಯನ್ನು ತಿದಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕಲ್ಲಿದ್ದಲಿನ ಬೆಂಕಿಯಾಗಿದ್ದರೆ ಆ ಅನಿಲ ಒಳಗೆ ಸೇರಿ ಢಂ ಎಂದು ಸಿಡಿಯುವುದೂ ಉಂಟು.

ತಿಪಟೂರು ಕರಟ

ಇದ್ದಿಲಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಕೊಬ್ಬರಿ ಮಾರುಕಟ್ಟೆಯ ಜೊತೆಗೆ ಕರಟ ಸುಡುವ ಕೆಲಸವೂ ಇದೆ. ಕರಟದ ಇದ್ದಿಲು ಗಟ್ಟಿ, ಬಿಸಿ ಹೆಚ್ಚು, ಬೂದಿ ಕಡಿಮೆ. ಮೊದಲು ಹಚ್ಚುವಾಗ ಕಿಡಿ ಹಾರಿಸುತ್ತದೆ, ಹತ್ತಿಕೊಂಡ ಮೇಲೆ ಶಾಂತವಾಗುತ್ತದೆ. ಹುಲ್ಲಿನ ಮೆದೆ, ಸೋಗೆ ಮಾಡು ಹತ್ತಿರ ಇದ್ದರೆ ಎಚ್ಚರ. ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಿ, ಅದು ಗಾಳಿಯ ದಾರಿಯನ್ನು ಮುಚ್ಚುತ್ತದೆ.

ತೀರ್ಥಹಳ್ಳಿ ತೋಟ

ಕುಲುಮೆ ಮನೆಯವರ ಮಾತಿನಂತೆ ವಿಚಾರಿಸಿದೆ. ಎರಡು ಊರಿನಾಚೆ ಹಿರಿಯರೊಬ್ಬರು ಇದ್ದಾರೆ. ಅಡೆಗಲ್ಲು ಕೊಡುವುದಿಲ್ಲ ಎಂದರು, ನಾನೂ ಕೇಳಲಿಲ್ಲ. ಆದರೆ ಇಕ್ಕಳಗಳ ಒಂದು ಕಟ್ಟು, ಎರಡು ಉಳಿ, ಕಾವು (ಮರದ ಹಿಡಿ) ಇಲ್ಲದ ಸುತ್ತಿಗೆ ತಲೆಗಳು ಕೊಟ್ಟರು, ಅವರು ಹೇಳಿದ ಬೆಲೆಯನ್ನೇ ಕೊಟ್ಟೆ. ಮುಂದಿನ ವಾರ ಒಂದು ದಿನ ಬಂದು ತೋರಿಸಿಕೊಡಲು ಒಪ್ಪಿದ್ದಾರೆ. ಇಕ್ಕಳಗಳ ರಿವೆಟ್ ಸಡಿಲ, ಸುತ್ತಿಗೆಗಳ ಮುಖ ಅಣಬೆಯ ಹಾಗೆ ಅರಳಿದೆ. ಅವರು ಬರುವುದರೊಳಗೆ ಏನೇನು ಸಿದ್ಧ ಮಾಡಿಡಲಿ?

ಕುಲುಮೆ ಮನೆ

ತುಂಬ ಸಂತೋಷವಾಯಿತು. ಸುತ್ತಿಗೆಯ ಅರಳಿದ ಅಂಚನ್ನು ಮಾತ್ರ ಇಂದೇ ಗ್ರೈಂಡ್ ಮಾಡಿ ತೆಗೆಯಿರಿ, ಅದೇ ಸಿಡಿಯುವ ಭಾಗ. ಮುಖವನ್ನು ಸ್ವಲ್ಪ ಉಬ್ಬಾಗಿ ಬಿಡಿ, ತಟ್ಟೆಯಂತೆ ಸಮ ಮಾಡಿದರೆ ಪ್ರತಿ ಏಟಿಗೂ ಅಂಚಿನ ಗುರುತು ಬೀಳುತ್ತದೆ. ಕಾವಿಗೆ ದಿಂಡಿಗ ಮರ ಸಿಕ್ಕರೆ ಬೇರೆ ಯೋಚನೆ ಬೇಡ, ಇಲ್ಲದಿದ್ದರೆ ಜಾಲಿ. ಎಳೆ ಉದ್ದುದ್ದಕ್ಕೆ ನೇರವಾಗಿರುವ, ಚೆನ್ನಾಗಿ ಒಣಗಿದ ತುಂಡು ಆರಿಸಿ. ಹಸಿ ಕಾವು ಬೇಸಿಗೆಯಲ್ಲಿ ಕುಗ್ಗಿ ತಲೆ ಹಾರುತ್ತದೆ. ಮರದ ಬೆಣೆ ಮೊದಲು, ಅದಕ್ಕೆ ಅಡ್ಡಲಾಗಿ ಕಬ್ಬಿಣದ ಬೆಣೆ ಆಮೇಲೆ.

ಇಕ್ಕಳಗಳನ್ನು ಮುಟ್ಟಬೇಡಿ. ಸ್ವಲ್ಪ ಸಡಿಲ ಇರುವುದು ಒಳ್ಳೆಯದೇ, ಒಂದೇ ಕೈಯಲ್ಲಿ ತೆರೆಯಲು ಬರಬೇಕು. ಬಾಯಿ ಯಾವ ಸರಳಿಗೆ ಕೂರಬೇಕೆಂದು ಆ ಹಿರಿಯರೇ ಕಾಯಿಸಿ ಹೊಂದಿಸಲಿ. ಕೊರಡಿನ ಎತ್ತರ ಮಾತ್ರ ಈಗಲೇ ನೋಡಿಕೊಳ್ಳಿ: ನೀವು ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣುಗಳು ಅಡೆಗಲ್ಲಿನ ಮುಖವನ್ನು ತಾಕಬೇಕು. ಅವರು ಕೂತು ಕೆಲಸ ಮಾಡಿ ಅಭ್ಯಾಸವಾದವರಾದರೆ ಅವರಿಗಾಗಿ ರೈಲು ಕಂಬಿಯನ್ನೋ ದಪ್ಪ ಕಬ್ಬಿಣದ ಗಟ್ಟಿಯನ್ನೋ ತಗ್ಗಿನಲ್ಲಿ ನೆಟ್ಟಿಡಿ, ಕಂಬಿಯಾದರೆ ಕಾಗದದ ಸಮೇತ. ಬೆಂಕಿಯ ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇರಲಿ. ಹತ್ತಿಯ ಬಟ್ಟೆ ತೊಡಿ, ನೈಲಾನ್ ಬೇಡ. ಮತ್ತು ಮೊದಲ ದಿನ ಕತ್ತಿಗೆ ಕೈ ಹಾಕದೆ, ಹಳೆಯ ಸರಳು ತುಂಡುಗಳನ್ನು ಒಂದು ರಾಶಿ ಕೂಡಿಸಿಟ್ಟುಕೊಳ್ಳಿ, ಅವರು ಮೊದಲು ಮೊನೆ ಎಳೆಯುವುದನ್ನೇ, ಅಂದರೆ ಕಾದ ಸರಳಿನ ತುದಿಯನ್ನು ಬಡಿದು ಚೂಪಾಗಿಸುವುದನ್ನೇ, ಹೇಳಿಕೊಡುತ್ತಾರೆ.